ಕಾಗೆ ಮುಟ್ಟಿದ ಸುದ್ದಿ

ಫೋನು ಕೈಯಲ್ಲಿತ್ತು, ಅಕ್ಕನ ಹೆಸರು ಕಣ್ಣೆದುರಿಗೇ ಇತ್ತು, ಒತ್ತುವುದಕ್ಕೆ ಮಾತ್ರ ಹೆಬ್ಬೆರಳು ಒಪ್ಪುತ್ತಿರಲಿಲ್ಲ. ಶಿವರಾಮು ತಾರಸಿಗೆ ಹೋಗುವ ಮೆಟ್ಟಿಲ ಮೇಲೆ ಕೂತಿದ್ದ. ಕೆಳಗೆ ಹಾಲಿನವನ ಬೈಕು ನಿಂತು ಹೊರಟಿತು, ಎದುರುಮನೆಯ ಹೆಂಗಸು ರಂಗೋಲಿ ಹಾಕಿ ಸೊಂಟ ಹಿಡಿದುಕೊಂಡು ಎದ್ದಳು, ಇಡೀ ಮಂಡ್ಯಕ್ಕೆ ಎಂದಿನ ಹಾಗೇ ಬೆಳಗಾಗುತ್ತಿತ್ತು. ಒಳಗೆ ನಡುಮನೆಯಲ್ಲಿ ಅವ್ವ ತೀರಿಕೊಂಡು ಮಲಗಿದ್ದಳು. ವೀಣ ಕಾಫಿ ಲೋಟ ತಂದಿಟ್ಟು, ಅತ್ತೆ ಅತ್ತೆ ಎಂದು ಕರೆದು, ಭುಜ ಮುಟ್ಟಿ, ಮುಟ್ಟಿದ ಕೈಯನ್ನು ಹಾಗೇ ಹಿಂದಕ್ಕೆ ಎಳೆದುಕೊಂಡಿದ್ದಳು. ಪಕ್ಕದ ಬೀದಿಯ ಡಾಕ್ಟರು ಬಂದು ನಾಡಿ ನೋಡಿ, ರೆಪ್ಪೆ ಎತ್ತಿ ನೋಡಿ, ನಿದ್ದೆಯಲ್ಲೇ ಹೋಗಿದ್ದಾರೆ, ಪುಣ್ಯವಂತರು ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋಗಿದ್ದರು. ಆಮೇಲೆ ಗಂಡಹೆಂಡಿರಿಬ್ಬರೂ ಸೇರಿ ಅವಳನ್ನು ತೆಂಕಲಿಗೆ ತಲೆ ಬರುವಂತೆ ತಿರುಗಿಸಿ ಮಲಗಿಸಿದ್ದರು. ಅವ್ವ ಅಷ್ಟು ಹಗುರವಾಗಿದ್ದಾಳೆಂದು ಅವನಿಗೆ ಗೊತ್ತೇ ಇರಲಿಲ್ಲ. ಮಗನಾದವನಿಗೆ ಅದು ಗೊತ್ತಿರಬೇಕಿತ್ತು ಅನ್ನಿಸಿತು.

ವೀಣ ಬಾಗಿಲಿಗೆ ಬಂದು ಇಣುಕಿದಳು. ಕಣ್ಣು ಕೆಂಪಾಗಿದ್ದರೂ ದನಿ ಗಟ್ಟಿಯಾಗಿತ್ತು. "ಪೂರಿಗಾಲಿಗೆ ಫೋನ್ ಮಾಡುದ್ರಾ? ಮೊದ್ಲು ಅತ್ತಿಗೆಗೆ ಯೋಳಿ. ಮಗಳಿಗೆ ತಿಳೀದೆ ಊರಿಗೆಲ್ಲ ತಿಳುದ್ರೆ ಚೆನ್ನಾಗಿರಕ್ಕಿಲ್ಲ. ನಾನ್ ಮಾಡಾನ ಅಂದ್ರೆ, ಸೊಸೆ ಮಾಡುದ್ಲು ಮಗ ಮಾಡ್ನಿಲ್ಲ ಅಂತಾರೆ." ಮಾಡ್ತೀನಿ ಎಂದ. ಅವಳು ಅಲ್ಲೇ ನಿಂತಿದ್ದಳು. ಅವನು ಯಾಕೆ ಮಾಡುತ್ತಿಲ್ಲ ಎನ್ನುವುದು ಅವಳಿಗೂ ಗೊತ್ತಿತ್ತು. ಅವ್ವ ಹೋದಳು ಎನ್ನುವ ಎರಡು ಮಾತನ್ನು ಅವನು ಮೂರು ವರ್ಷದ ಹಿಂದೆಯೇ ಆಡಿ ಮುಗಿಸಿದ್ದ. ಅವ್ವ ಅಡುಗೆಮನೆಯಲ್ಲಿ ಕೂತು ಹುರುಳಿಕಾಳು ಆರಿಸುತ್ತಿದ್ದಾಗ ಆಡಿದ್ದ. ಈಗ ಅದೇ ಮಾತನ್ನು ಅದೇ ಬಾಯಲ್ಲಿ ಮತ್ತೆ ಆಡಬೇಕು, ಅಕ್ಕ ಅದನ್ನು ನಂಬಬೇಕು, ನಂಬಿ ಮಣ್ಣಾಗುವುದರೊಳಗೆ ಬಂದು ಅವ್ವನ ಮುಖ ನೋಡಬೇಕು.

ಮೊದಲ ಸಲ ಆ ಮಾತು ಹೊರಬಿದ್ದದ್ದು ಕೃಷಿ ಸಂಶೋಧನೆಯ ವಿ.ಸಿ. ಫಾರಂನ ಭತ್ತದ ಗದ್ದೆಯ ಬದುವಿನ ಮೇಲೆ. ಅವನು ಅಲ್ಲಿ ಕ್ಷೇತ್ರ ಸಹಾಯಕ. ತಳಿಗೊಂದರಂತೆ ಗದ್ದೆ ತುಂಡು ಮಾಡಿ ನೆಟ್ಟ ಪೈರಿನ ಎತ್ತರ ಅಳೆಯುವುದು, ತೆನೆ ಎಣಿಸುವುದು, ಹಕ್ಕಿ ಬೀಳದ ಹಾಗೆ ಬಲೆ ಕಟ್ಟಿಸುವುದು ಅವನ ಕೆಲಸ. ಆ ದಿನಗಳಲ್ಲಿ ಅವನ ಕಣ್ಣು ಪೈರಿನ ಮೇಲಿರುತ್ತಿರಲಿಲ್ಲ. ಜೇಬಿನಲ್ಲಿ ಫೋನು ಅದುರಿದರೆ ತೆಗೆದು ನೋಡದೆ ಜೇಬನ್ನು ಹಾಗೇ ಒತ್ತಿ ಹಿಡಿಯುತ್ತಿದ್ದ. ಒಂದು ಕಾರ್ಡಿನ ಬಾಕಿಗೆ ಇನ್ನೊಂದು ಕಾರ್ಡು ಉಜ್ಜಿಸಿ, ಅದರ ಬಾಕಿಗೆ ಮತ್ತೊಂದು ಕಾರ್ಡು ಮಾಡಿಸಿ, ಪೇಟೆ ಬೀದಿಯ ಒಂದು ಮೊಬೈಲ್ ಅಂಗಡಿಯಲ್ಲಿ ಕಮಿಷನ್ನು ಕೊಟ್ಟು ಕಾರ್ಡಿನಿಂದ ನಗದು ಎತ್ತಿ, ಕೊನೆಗೆ ಬಡ್ಡಿ ಯಾವುದು, ದಂಡ ಯಾವುದು, ಅಸಲು ಯಾವುದು ಎಂದು ತನಗೇ ತಿಳಿಯದ ಸ್ಥಿತಿಗೆ ಬಂದಿದ್ದ. ವಸೂಲಿಯವರಿಬ್ಬರು ಒಮ್ಮೆ ಗೇಟು ದಾಟಿ ಗದ್ದೆಯವರೆಗೇ ಬಂದಿದ್ದರು. ಅವನು ಬಲೆಯ ಗಂಟುಗಳ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಕಳೆ ಕೀಳುತ್ತಿದ್ದ ಆಳುಹೆಂಗಸರು ತಲೆ ಎತ್ತದೆಯೇ, "ಸಾಯೇಬ್ರು ಇವತ್ತು ಬಂದೇ ಇಲ್ಲ ಬುಡಿ" ಎಂದು ಹೇಳಿ ಕಳಿಸಿದರು. ಅವರು ಹೋದ ಮೇಲೆ ಅವನು ಎದ್ದು ಮಂಡಿಯ ಕೆಸರು ಒರೆಸಿಕೊಳ್ಳುವಾಗ ಯಾರೂ ಅವನತ್ತ ನೋಡಲಿಲ್ಲ. ನೋಡಿದ್ದರೆ, ಒಬ್ಬಳಾದರೂ ನಕ್ಕಿದ್ದರೆ, ಇಷ್ಟು ನೋಯುತ್ತಿರಲಿಲ್ಲ. ಅವರು ದಿನಗೂಲಿಯವರು, ಅವನು ಸಂಬಳದವನು, ಅವನ ಮರ್ಯಾದೆ ಆವತ್ತು ಅವರ ಸೆರಗಿನ ಮರೆಯಲ್ಲಿ ಉಳಿದಿತ್ತು.

ಅದಾದ ಒಂದು ಮಧ್ಯಾಹ್ನ ಬ್ಯಾಂಕಿನ ಕಡೆಯ ಹುಡುಗಿಯೊಬ್ಬಳು ಫೋನು ಮಾಡಿದಳು. ಸರ್ ಊಟ ಆಯ್ತಾ ಎಂದೇ ಶುರು ಮಾಡುವ ದನಿ. ಇವತ್ತು ಸಂಜೆಯೊಳಗೆ ಏನಾದರೂ ಕಟ್ಟಲೇಬೇಕು ಸರ್ ಎಂದಳು. ಅವನು ಏನೋ ಹೇಳಲು ಬಾಯಿ ತೆರೆದ, ಆದರೆ ಹೊರಗೆ ಬಂದದ್ದು, "ನಮ್ಮ ತಾಯಿ ತೀರಿಕೊಂಡ್ರು ಮೇಡಂ" ಎನ್ನುವ ಮಾತು. ಆಡಿದ ಮೇಲೆ ಅವನೇ ಸುತ್ತ ನೋಡಿದ. ಪೈರು ಹಾಗೇ ನಿಂತಿತ್ತು. ಆ ಹುಡುಗಿ, "ಅಯ್ಯೋ ಸಾರಿ ಸರ್. ನಮ್ಮಮ್ಮನೂ ಹೋಗಿ ಇನ್ನೂ ವರ್ಷ ಆಗಿಲ್ಲ. ನೀವು ಕಾರ್ಯ ಎಲ್ಲ ಮುಗಿಸಿಕೊಳ್ಳಿ ಸರ್" ಎಂದಳು. ಅವಳ ದನಿ ಒಡೆದಿತ್ತು. ಅವನಿಗೆ ದುಃಖ ಉಕ್ಕಿ ಬಂತು, ನಿಜವಾದ ದುಃಖ, ಬದುವಿನ ಮೇಲೆ ಕೂತು ಅತ್ತ. ಯಾರಿಗಾಗಿ ಅತ್ತದ್ದು ಎನ್ನುವುದು ಇವತ್ತಿಗೂ ಅವನಿಗೆ ಗೊತ್ತಿಲ್ಲ. ಸಂಜೆ ಮನೆಗೆ ಬಂದರೆ ಅವ್ವ ಹುರುಳಿಸಾರು ಮಾಡಿಸಿದ್ದಳು. ಮುದ್ದೆ ಮುರಿದು ಅದ್ದಿದ, ತಟ್ಟೆಯಲ್ಲೇ ಬಿಟ್ಟು ಕೈ ತೊಳೆದ.

ಅವನು ಮರೆತದ್ದು ಒಂದೇ. ಕಾರ್ಡು ಮಾಡಿಸುವಾಗ ಹತ್ತಿರದ ಸಂಬಂಧಿಕರ ನಂಬರು ಕೊಡಿ ಎಂದಿದ್ದರು, ಅವನಿಗೆ ಬಾಯಿಗೆ ಬರುತ್ತಿದ್ದ ನಂಬರು ಅಕ್ಕನದೊಂದೇ. ವಾರ ಕಳೆದ ಮೇಲೆ ಬೇರೆ ಯಾರೋ ಗಂಡಸು ಪೂರಿಗಾಲಿಯಲ್ಲಿದ್ದ ಅಕ್ಕನಿಗೆ ಫೋನು ಮಾಡಿ, ನಿಮ್ಮ ತಾಯಿ ತೀರಿಕೊಂಡು ಇಷ್ಟು ದಿನ ಆಯಿತಲ್ಲ, ನಿಮ್ಮ ತಮ್ಮ ಫೋನು ಎತ್ತುತ್ತಿಲ್ಲ, ಸ್ವಲ್ಪ ಎತ್ತುವುದಕ್ಕೆ ಹೇಳಿ ಎಂದನಂತೆ. ಕುಸುಮಕ್ಕ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ಕೈಯಲ್ಲಿದ್ದ ಮೊರ ಎಸೆದು ಬೀದಿಗೆ ಓಡಿದಳು. ತಾಯಿ ಸತ್ತು ದಿನಗಳಾದರೂ ತವರಿನವರು ಮಗಳಿಗೆ ಹೇಳಲಿಲ್ಲ ಎಂದರೆ ಆ ಬೀದಿಯ ಹೆಂಗಸರು ಸುಮ್ಮನಿರುತ್ತಾರೆಯೇ, ಎಲ್ಲರೂ ಎದೆ ಬಡಿದುಕೊಂಡು ಒಂದು ಟೆಂಪೋ ಹತ್ತಿದರು, ಮಳವಳ್ಳಿಯಲ್ಲಿ ನಿಲ್ಲಿಸಿ ಅವ್ವನ ಪಟಕ್ಕೆಂದು ಹೂವಿನ ಹಾರ ತಗೊಂಡರು. ಭಾನುವಾರ. ಶಿವರಾಮು ಮನೆಯಲ್ಲೇ ಇದ್ದ. ಕೆಳಗೆ ಬೀದಿಯಲ್ಲಿ ಅಳು ಕೇಳಿ ಯಾರ ಮನೆಯಲ್ಲಿ ಸಾವಾಯಿತೋ ಎಂದು ಅವ್ವನೇ ಎದ್ದು ಬಾಗಿಲಿಗೆ ಬಂದಳು. ತಲೆ ಕೆದರಿಕೊಂಡು, ಹಾರ ಹಿಡಿದುಕೊಂಡು, ಮೆಟ್ಟಿಲು ಹತ್ತಿ ಬಂದ ಕುಸುಮಕ್ಕ ಬಾಗಿಲಲ್ಲಿ ಅವ್ವನನ್ನು ಕಂಡು ಅಲ್ಲೇ ಕುಸಿದಳು.

ಆಗಿನ ಆ ಒಂದು ಕ್ಷಣವನ್ನು ಅವನು ಎಷ್ಟು ಸಲ ನೆನೆದಿದ್ದಾನೋ. ಅವ್ವ ಮಗಳನ್ನು ನೋಡಿದಳು, ಹಾರ ನೋಡಿದಳು, ತಿರುಗಿ ಅವನ ಮುಖ ನೋಡಿದಳು. ಅವನ ಮುಖದಲ್ಲಿ ಏನಿತ್ತೋ, ಅಷ್ಟೇ ಸಾಕಾಯಿತು ಅವಳಿಗೆ. "ಅಳ್ಬೇಡ ಕಣವ್ವ, ಏನಾಗಿಲ್ಲ" ಎಂದಳು. "ಬಟ್ಟೆ ಒಣಗಾಕಕ್ಕೆ ತಾರಸಿಗೋಗಿದ್ದೆ. ಕಾಗೆ ಬಂದು ತಲೆ ಮೇಲೆ ಕೂತ್ಬುಡ್ತು. ಅದ್ಕೇ ನಾನೇ ಯೋಳುಸ್ದೆ. ಈ ಮುಂಡೇದು ಯಾರ ಕೈಲಿ ಯೋಳುಸ್ತೋ, ನಿಂಗೆ ಎಂಗ್ ಯೋಳುದ್ರೋ." ಅಷ್ಟು ಹೇಳಿದ್ದೇ ತಡ, ಟೆಂಪೋದ ಹೆಂಗಸರೆಲ್ಲ ಉಸ್ಸೆಂದು ಉಸಿರು ಬಿಟ್ಟು ಗೋಡೆಗೆ ಒರಗಿ ಕೂತರು. ಕಾಗೆ ತಲೆ ಮುಟ್ಟಿದರೆ ಸಾವಿನ ದೋಷ. ಅದು ಕಳೆಯಬೇಕಾದರೆ ಮುಟ್ಟಿಸಿಕೊಂಡವರು ಸತ್ತರೆಂದು ನೆಂಟರಿಗೆ ಸುಳ್ಳುಸುದ್ದಿ ಕಳಿಸಬೇಕು, ಅವರು ನಿಜವೆಂದು ನಂಬಿ ಕಣ್ಣೀರು ಹಾಕಬೇಕು. ಅತ್ತಷ್ಟೂ ಆಯುಸ್ಸು. ಅದು ಗೊತ್ತಿಲ್ಲದವರು ಆ ಸೀಮೆಯಲ್ಲಿ ಯಾರಿದ್ದಾರೆ? ಕುಸುಮಕ್ಕ ನಗುತ್ತಾ ಅಳುತ್ತಾ ಅವನ ಬೆನ್ನಿಗೆ ಗುದ್ದಿದಳು. "ಅಲ್ಲ ಕಣ್ಲಾ, ನನ್ನ ಜೀವ ಓಗಿತ್ತಲ್ಲೋ! ಮಲ್ಲಿಗೆ ಮೊಳಕ್ಕೆ ಎಷ್ಟೇಳ್ದ ಗೊತ್ತಾ ಆ ಮಳವಳ್ಳಿಯೋನು!" ವೀಣ ಉಪ್ಪಿಟ್ಟು ಮಾಡಿದಳು. ಹಾರವನ್ನು ದೇವರ ಪಟಕ್ಕೆ ಹಾಕಿದರು. ಅವ್ವ ಸುಳ್ಳಿಗೆ ಸರಿಯಾಗಿ ತಲೆಗೆ ನೀರು ಹಾಕಿಕೊಂಡು, ಶನಿದೇವರ ಗುಡಿಗೆ ಎಳ್ಳೆಣ್ಣೆ ಕಳಿಸಿದಳು. ಶಿವರಾಮು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು, ಬಕೀಟು ತುಂಬಿ ಹರಿಯುವವರೆಗೂ ಅಲ್ಲೇ ನಿಂತಿದ್ದ.

ಟೆಂಪೋ ಹೊರಟು ಹೋದ ಮೇಲೆ ಅವ್ವ ಅವನನ್ನು ಕರೆದು ಎದುರಿಗೆ ಕೂರಿಸಿಕೊಂಡು, "ಯಾವ ಕಾಗೆಲಾ ಅದು?" ಎಂದಳು. ಅವನು ಹೇಳಿದ. ಹೇಳಲು ಶುರು ಮಾಡಿದ ಮೇಲೆ ನಿಲ್ಲಿಸಲಾಗಲಿಲ್ಲ. ಕಾರ್ಡು ಎಂದರೇನು ಎನ್ನುವುದರಿಂದ ಹೇಳಬೇಕಾಯಿತು. ಮೊದಲನೆಯದನ್ನು ಯಾಕೆ ಉಜ್ಜಿದೆ ಎಂದು ಅವಳು ಕೇಳಿದಾಗ ಮಾತ್ರ ತಡವರಿಸಿದ. ಅಕ್ಕನ ಮಗಳು ದೀಪಿಕಳ ಮದುವೆ. ಅವನು ಸೋದರಮಾವ. ಬೀಗರ ಕಡೆಯವರು ಚಪ್ಪರದಲ್ಲಿ ಕೂತು, ಸೋದರಮಾವ ಏನು ಹಾಕುತ್ತಾನೆ ನೋಡೋಣ ಎಂದು ಕತ್ತು ಉದ್ದ ಮಾಡಿಕೊಂಡಿದ್ದರು. ಅಕ್ಕ ಏನೂ ಕೇಳಿರಲಿಲ್ಲ. ಕೇಳದೆ ಇದ್ದುದರಿಂದಲೇ ಅವನಿಗೆ ಏನಾದರೂ ಭಾರಿಯಾಗಿ ಮಾಡಬೇಕೆನ್ನಿಸಿತ್ತು. ಅಪ್ಪ ಇಲ್ಲದ ತವರು, ತಮ್ಮನೊಬ್ಬನೇ ಎಂದು ಅವಳ ಗಂಡನ ಮನೆಯವರು ಹಗುರವಾಗಿ ನೋಡಬಾರದು. ಹುಡುಗಿಯ ಕೊರಳಿಗೆ ಅವನು ಸರ ಹಾಕಿದಾಗ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು, ಬೀಗರೂಟದ ಪಂಕ್ತಿಯಲ್ಲೂ ಆ ಸರದ ಮಾತೇ. ಅವನ ಎದೆ ಅಷ್ಟು ಅಗಲವಾದದ್ದು ಅದೊಂದು ದಿನ. ಆಮೇಲೆ ದಿನದಿನವೂ ಕುಗ್ಗುತ್ತಾ ಬಂತು. ಎಲ್ಲ ಕೇಳಿದ ಅವ್ವ ಬಯ್ಯಲಿಲ್ಲ. "ಅವಳ್ಗೆ ಇದು ಎಂದೆಂದಿಗೂ ತಿಳೀಕೂಡ್ದು" ಎಂದಳು. "ತಿಳುದ್ರೆ ಆ ಸರ ಬಿಚ್ಚಿ ತಂದು ನಿನ್ನ ಮುಂದೆ ಮಡುಗ್ತಾಳೆ. ಮಗೀನ ಕೊರಳ್ದು ಬಿಚ್ಬಾರ್ದು." ಆಮೇಲೆ, "ಅಲ್ಲ ಮಗಾ, ಸಾಯ್ಸಾಕೆ ನಾನೇ ಆಗ್ಬೇಕಿತ್ತಾ?" ಎಂದಳು. ನಗುತ್ತಲೇ ಅಂದಳು. ಆ ನಗುವನ್ನು ಅವನು ಮರೆಯಲಾರ.

ಮಾರನೆಯ ದಿನ ಅವ್ವ ಹೊಸ್ತಿಲ ಒಳಗೆ ಕೂತು, ಈಳಿಗೆಮಣೆಯ ಮೇಲೆ ಕಾಲಿಟ್ಟು, ಒಂದೊಂದೇ ಕಾರ್ಡು ಕೊಡು ಎಂದು ಕೈ ಚಾಚಿದಳು. ಕಾರ್ಡು ಬದನೆಕಾಯಿಯ ಹಾಗೆ ಸಲೀಸಾಗಿ ಹೋಳಾಗಲಿಲ್ಲ, ಜಾರುತ್ತಿತ್ತು, ಅವಳು ಹಲ್ಲು ಕಚ್ಚಿ ಒತ್ತಿ ಒತ್ತಿ ಸೀಳಿದಳು. ಆಮೇಲೆ ಫೋನನ್ನು ನಡುವೆ ನೆಲದ ಮೇಲೆ ಇಡಿಸಿ, ಜೋರಾಗಿ ಕೇಳುವ ಹಾಗೆ ಮಾಡಿಸಿ, "ಬಂದುದ್ದ ಎಲ್ಲಾನೂ ಎತ್ತು. ಇರಾದ ಇದ್ದಂಗೆ ಯೋಳು. ಅವ್ರು ಬಯ್ಯಾದು ಮುಗಿಯೋಗಂಟ ಫೋನ್ ಮಡುಗ್ಬೇಡ" ಎಂದಳು. ಮೊದಲು ಬಂದದ್ದು ಅದೇ ಹುಡುಗಿಯ ಕರೆ. ಅವನು, ಮೇಡಂ, ನಮ್ಮ ತಾಯಿ ತೀರಿಕೊಂಡಿಲ್ಲ, ಸುಳ್ಳು ಹೇಳಿದ್ದೆ ಎಂದ. ಅವ್ವ ಬಗ್ಗಿ, "ನಾನೇ ಕಣವ್ವ ಸತ್ತೋಳು. ಗಟ್ಟಿಮುಟ್ಟಾಗಿವ್ನಿ. ಇವ್ನು ತಿಂಗ್ಳು ತಿಂಗ್ಳು ಕಟ್ತಾನೆ, ನಾನ್ ಕಟ್ಟುಸ್ತೀನಿ. ತಾಯಿ ಇಲ್ದ ಮಗು ನೀನು, ನಿಂಗೆ ಅಂಗನ್ಬಾರ್ದಿತ್ತು" ಎಂದಳು. ಹುಡುಗಿ ಬಯ್ಯಲಿಲ್ಲ. ಬೈದವರು ಬೇರೆಯವರು, ಬೇಕಾದಷ್ಟು ಜನ. ದಿನಕ್ಕೊಬ್ಬರು. ಕಳ್ಳ ಎಂದರು, ಹೆತ್ತ ತಾಯಿಯನ್ನು ಕೊಂದವನು ಎಂದರು, ಆ ತಾಯಿ ಪಕ್ಕದಲ್ಲೇ ಕೂತು ಕೇಳುತ್ತಿದ್ದಾಳೆಂದು ಗೊತ್ತಿಲ್ಲದೆ ಇನ್ನೂ ಏನೇನೋ ಎಂದರು. ಅವ್ವ ಅವನ ಮಂಡಿಯ ಮೇಲೆ ಕೈ ಇಟ್ಟುಕೊಂಡು ಕೂತಿರುತ್ತಿದ್ದಳು. ಅವರ ಮಾತು ಮುಗಿದ ಮೇಲೆ ಅವನು, ಇಷ್ಟು ಕಟ್ಟಬಲ್ಲೆ ಸರ್ ಎನ್ನುತ್ತಿದ್ದ. ಬರುಬರುತ್ತಾ ಫೋನು ಅದುರಿದರೆ ತಾನೇ ಕೈ ಚಾಚಿ ಎತ್ತತೊಡಗಿದ.

ಬೈಕು ಮಾರಿದ, ಬಸ್ಸು ಹಿಡಿದ. ವೀಣ ರವಿಕೆ ಹೊಲಿಯಲು ಶುರು ಮಾಡಿದಳು. ಬ್ಯಾಂಕಿನವರು ಬಾಕಿಯನ್ನೆಲ್ಲ ಒಟ್ಟು ಮಾಡಿ ಕಂತು ಹಾಕಿಕೊಟ್ಟರು, ಆದರೆ ಮೊದಲೇ ಒಂದಿಷ್ಟು ಒಟ್ಟಿಗೆ ಕಟ್ಟಬೇಕೆಂದರು. ಆವತ್ತು ಅವ್ವ ಕಿವಿಯ ಓಲೆ ಬಿಚ್ಚಿ ಕರ್ಚೀಫಿನಲ್ಲಿ ಕಟ್ಟಿ ಅವನ ಜೇಬಿಗೆ ತುರುಕಿದಳು. ಬೇಡವೆಂದ. ನಾಚಿಕೆಯಿಂದ ಬೇಡವೆಂದ, ಅಷ್ಟು ಗಟ್ಟಿಯಾಗಿ ಅಲ್ಲ. ತೂತು ಮುಚ್ಚಿಹೋಗಬಾರದೆಂದು ಅವಳು ಬೇವಿನ ಕಡ್ಡಿ ಮುರಿದು ಕಿವಿಗೆ ಸಿಕ್ಕಿಸಿಕೊಂಡಳು. ಗೌರಿಹಬ್ಬಕ್ಕೆ ಬಂದ ಕುಸುಮಕ್ಕ, "ಇದ್ಯಾಕವ್ವಾ ಕಡ್ಡಿ?" ಎಂದಾಗ, "ವಯಸ್ಸಾಯ್ತಲ್ಲವ್ವ, ಓಲೆ ತೂಕಕ್ಕೆ ಕಿವಿ ಜಗ್ತದೆ" ಎಂದಳು. ಎಷ್ಟು ಸುಲಭವಾಗಿ ಸುಳ್ಳು ಹೇಳುತ್ತಿದ್ದಳು ಅವನಿಗಾಗಿ! ಅವನ ಸುಳ್ಳುಗಳು ಒಂದೊಂದೂ ಯಾರನ್ನಾದರೂ ಸುಟ್ಟವು, ಅವಳವು ಯಾರನ್ನೂ ಸುಡಲಿಲ್ಲ. ಹೋದ ವಾರ ಕೊನೆಯ ಕಂತು ಕಟ್ಟಿ, ಬಾಕಿ ಏನೂ ಇಲ್ಲ ಎಂಬ ಮೆಸೇಜು ಬಂದಾಗ ಬಸ್ಸಿನಿಂದಿಳಿದು ಓಡಿ ಬಂದು ಅವಳಿಗೆ ಓದಿ ಹೇಳಿದ್ದ. ಇನ್ನೊಂದು ಸಲ ಓದು ಎಂದಳು. ಓದಿದ. "ಇನ್ನು ನಾನ್ ಸತ್ರೂ ಯಾರೂ ಫೋನ್ ಮಾಡಕ್ಕಿಲ್ಲ ಬುಡು" ಎಂದು ನಕ್ಕಳು. ಮುಂದಿನ ಸಂಬಳಕ್ಕೆ ನಿನ್ನ ಓಲೆ ಕಣವ್ವ ಎಂದಿದ್ದ. ಕಡ್ಡಿಯೇ ಒಗ್ಗಿಹೋಗಿದೆ ಎಂದಿದ್ದಳು. ಮುಂದಿನ ಸಂಬಳ ಬರುವುದಕ್ಕೆ ಇನ್ನೂ ದಿನಗಳಿದ್ದವು.

ಅವನು ಒಳಗೆ ಬಂದು ಅವ್ವನ ಪಕ್ಕ ಕೂತ. ತಲೆದೆಸೆಯಲ್ಲಿ ವೀಣ ಹಚ್ಚಿದ ದೀಪ ಉರಿಯುತ್ತಿತ್ತು. ಒತ್ತಿದ. ಎರಡನೆಯ ರಿಂಗಿಗೇ ಕುಸುಮಕ್ಕ ಎತ್ತಿದಳು.

"ಏನ್ಲಾ ರಾಮು, ಇಷ್ಟೊತ್ಗೇ?"

"ಅಕ್ಕ, ಅವ್ವ ಓಗ್ಬುಟ್ಲು ಕಣಕ್ಕ."

ಅಕ್ಕ ಕಿಸಕ್ಕೆಂದು ನಕ್ಕಳು. "ಮತ್ತೆ ಮುಟ್ತಾ? ಅಯ್ಯೋ, ಈವಮ್ಮ ತಾರಸಿಗೆ ಓಗ್ಬ್ಯಾಡ ಅಂದ್ರೆ ಕೇಳಾಕಿಲ್ವಲ್ಲ! ನಾನು ಈ ಸಲ ಟೆಂಪೋ ಮಾಡ್ಕಂಡು ಬರಾಕಿಲ್ಲ ಕಣಪ್ಪಾ."

"ಅಕ್ಕ—"

"ಇರ್ಲಾ, ಅಳ್ತೀನಿ. ಅಳ್ದೆ ಇದ್ರೆ ದೋಸ ಓಗಾಕಿಲ್ಲ." ಪಕ್ಕದಲ್ಲಿದ್ದ ಯಾರಿಗೋ, ಅಜ್ಜಿಗೆ ಕಾಗೆ ಮುಟ್ಟೈತೆ ಕಣೆ ದೀಪಿಕ, ಸುಮ್ನಿರು ಎಂದಳು. ಆಮೇಲೆ ಗಂಟಲು ಸರಿಮಾಡಿಕೊಂಡು ದನಿ ತೆಗೆದಳು. "ಅಯ್ಯೋ ನನ್ನವ್ವೋ, ನನ್ನ ಬುಟ್ಟು ಓದ್ಯವ್ವೋ, ನನ್ನ ತವರ್ಗೆ ಬೀಗ ಹಾಕ್ಬುಟ್ಯವ್ವೋ, ಇನ್ಯಾರ್ನ ಅವ್ವಾ ಅನ್ಲವ್ವೋ…" ಚೆನ್ನಾಗಿಯೇ ಅಳುತ್ತಿದ್ದಳು. ಪ್ರೀತಿಯಿಂದ ಅಳುತ್ತಿದ್ದಳು, ತಾಯಿಯ ಆಯುಸ್ಸು ಇನ್ನಷ್ಟು ಉದ್ದವಾಗಲೆಂದು ಎಳೆದು ಎಳೆದು ಅಳುತ್ತಿದ್ದಳು. ನಡುನಡುವೆ ದೀಪಿಕಳ ನಗು ಕೇಳುತ್ತಿತ್ತು. ಶಿವರಾಮು ಕಣ್ಣು ಮುಚ್ಚಿಕೊಂಡ. ಕೊನೆಗೆ ಅಕ್ಕ ಉಸಿರು ತೆಗೆದುಕೊಂಡು, "ಸಾಕಾ? ಇನ್ನು ನೂರೊರ್ಸ ಗ್ಯಾರಂಟಿ ಅನ್ನು. ಎಲ್ಲವ್ಳೆ? ಅವಳ ಕೈಗೆ ಕೊಡ್ಲಾ ಫೋನ" ಎಂದಳು.

ಅವನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಅಕ್ಕ ಕೇಳಿದಳು ಎಂದು, ಕೇಳಿದ್ದನ್ನು ಇಲ್ಲವೆನ್ನಲು ಬಾಯಿ ಬಾರದೆ, ಫೋನನ್ನು ಅವ್ವನ ಕಿವಿಯ ಹತ್ತಿರ ಹಿಡಿದ. ಬೇವಿನ ಕಡ್ಡಿ ಫೋನಿನ ಅಂಚಿಗೆ ತಾಕಿತು. ಅಕ್ಕನ ದನಿ ಸಣ್ಣಗೆ ಕೇಳುತ್ತಿತ್ತು. ಅವ್ವ, ದೀಪಿಕ ಬಂದವ್ಳೆ. ಈಗ ಐದ್ನೇ ತಿಂಗ್ಳು ಕಣವ್ವ. ಅಜ್ಜಿ ಕೈಲಿ ಬಸ್ಸಾರು ಉಣ್ಬೇಕು ಅಂತಾಳೆ. ಭಾನುವಾರ ಕರ್ಕ ಬತ್ತೀನಿ. ಏನ್ ತರ್ಲಿ ನಿಂಗೆ? ಅವ್ವ? ಯಾಕ್ ಮಾತಾಡ್ತಿಲ್ಲ? ಸಿಟ್ಟಾ? ವೀಣ ಅದನ್ನು ನೋಡಲಾರದೆ ಸೆರಗನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಹೋದಳು. ಅವನು ಅವ್ವನ ಮುಖ ನೋಡುತ್ತಾ ಕೂತ. ಕಾಗೆಯೆಂದು ಅವಳು ಹೇಳಿದ ಒಂದು ಮಾತು ಅವನನ್ನು ಇಷ್ಟು ವರ್ಷ ಕಾಪಾಡಿತ್ತು. ಅದನ್ನು ಅವಳ ಎದುರಿಗೇ, ಅವಳು ಏನೂ ಅನ್ನಲಾಗದ ಹೊತ್ತಿನಲ್ಲಿ, ಕಿತ್ತು ಹಾಕಬೇಕು. ಇಲ್ಲವಾದರೆ ಅಕ್ಕ ಬರುವುದು ಭಾನುವಾರ.

ಫೋನನ್ನು ತನ್ನ ಕಿವಿಗೆ ತಂದುಕೊಂಡ. "ಅಕ್ಕ, ನಾನು ರಾಮು. ಅವತ್ತು ಕಾಗೆ ಮುಟ್ಟಿರ್ನಿಲ್ಲ ಕಣಕ್ಕ."

"ಏನ್ಲಾ?"

"ಅವತ್ತು ಯಾವ ಕಾಗೇನೂ ಮುಟ್ಟಿರ್ನಿಲ್ಲ. ಅವ್ವ ಸತ್ಲು ಅಂತ ಸುಳ್ಳೇಳಿದ್ದು ನಾನು. ಕಾರ್ಡ್ ಸಾಲ ಆಗಿತ್ತು. ಬ್ಯಾಂಕ್ನೋರಿಗೆ ಯೋಳಿದ್ದೆ, ಅವ್ರು ನಿಂಗೆ ಮಾಡುದ್ರು. ನನ್ನ ಮಾನ ಉಳ್ಸಾಕೆ ಅವ್ವ ಕಾಗೆ ಅಂದ್ಲು. ಅವತ್ತಿಂದು ಸುಳ್ಳು ಕಣಕ್ಕ. ಇವತ್ತಿಂದು ಸುಳ್ಳಲ್ಲ. ಡಾಕ್ಟ್ರು ಬಂದು ನೋಡ್ಕಂಡೋದ್ರು. ಬಾ ಅಕ್ಕ."

ದೀಪಿಕಳ ನಗು ನಿಂತದ್ದು ಕೇಳಿಸಿತು. ಆಮೇಲೆ ಬಂದ ಅಕ್ಕನ ಆ ದನಿಯನ್ನು ಅವನು ಎಂದೂ ಕೇಳಿರಲಿಲ್ಲ, ಅದರಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. "ಯಾತರ ಸಾಲ್ಲಾ? ಅವ್ವುನ್ನ ಸಾಯ್ಸೋವಂತ ಸಾಲ ಯಾತರ್ದು?"

ಮಂಟಪದಲ್ಲಿ ತಲೆ ಬಗ್ಗಿಸಿ ನಿಂತ ಹುಡುಗಿಯ ಕೊರಳು ಕಣ್ಣೆದುರಿಗೆ ಬಂತು. ಈಗಲೂ ಅವಳು ಆ ಸರ ಹಾಕಿಕೊಂಡೇ ತಾಯಿಯ ಪಕ್ಕ ನಿಂತಿರುತ್ತಾಳೆ. ಅವನು ಅವ್ವನನ್ನು ನೋಡಿದ. ಕಾಗೆಯ ಮಾತನ್ನು ಉಳಿಸಿಕೊಳ್ಳಲಾಗಲಿಲ್ಲ, ಇದೊಂದು ಉಳಿದಿತ್ತು.

"ಸುಮ್ನೆ ಮಾಡ್ಕಂಡಿದ್ದು ಕಣಕ್ಕ" ಎಂದ. "ದುಂದು ಮಾಡ್ಬುಟ್ಟಿದ್ದೆ."

"ತೂ, ನಿನ್ನ" ಎಂದಳು ಅಕ್ಕ. ಅಷ್ಟು ಅಂದವಳ ದನಿ ಅಲ್ಲೇ ಮುರಿಯಿತು. ಆಮೇಲೆ ಬಂದ ಅಳುವಿಗೆ ಮಾತಿರಲಿಲ್ಲ, ತವರೂ ಇರಲಿಲ್ಲ, ಬೀಗವೂ ಇರಲಿಲ್ಲ. ನೆಲಕ್ಕೆ ಏನೋ ಬಿದ್ದ ಸದ್ದಾಯಿತು, ಅಮ್ಮಾ ಅಮ್ಮಾ ಎಂದು ದೀಪಿಕ ಕೂಗಿದ್ದು ಕೇಳಿಸಿತು, ಯಾರೋ ಓಡಿ ಬಂದರು. ನಡುವೆ ಅಕ್ಕ ಅವನನ್ನು ಬೈದಳು, ಬ್ಯಾಂಕಿನವರು ಯಾರೂ ಬೈಯದ ಮಾತಿನಲ್ಲಿ ಬೈದಳು, ಮತ್ತೆ ಅತ್ತಳು, ಮತ್ತೆ ಬೈದಳು. ಶಿವರಾಮುವಿನ ಇನ್ನೊಂದು ಕೈ ಅವ್ವನ ಕೈಯ ಮೇಲಿತ್ತು. ಅವಳು ಹೇಳಿಕೊಟ್ಟ ಹಾಗೆ, ಅಕ್ಕನದು ಮುಗಿಯುವವರೆಗೂ ಅವನು ಫೋನು ಇಡಲಿಲ್ಲ.